ಕೊಬ್ಬಿನ ಮಾತ್ರೆ ಮತ್ತು ಮೇಳಿಗೆಯ ಜಗುಲಿಗಳು

ಹೊರಗಿನವರು ಮೇಳಿಗೆಗೆ ಬರುವುದು ಹೆಚ್ಚಾಗಿ ಅನಂತನಾಥ ಬಸದಿ ನೋಡಲು. 17ನೇ ಶತಮಾನದ ಆರಂಭದ ಕಲ್ಲಿನ ಬಸದಿ, ಮುಂದೆ ಮಾನಸ್ತಂಭ, ನೋಡಲೇಬೇಕಾದ್ದೇ. ಆದರೆ ತೀರ್ಥಹಳ್ಳಿ ತಾಲ್ಲೂಕಿನ ಈ ಊರನ್ನು ನಾನು ಈ ಸಲ ಸುತ್ತಿದ್ದು ಒಬ್ಬ ಸಿಸ್ಟರ್ ಹಿಂದೆ. ಅವರ ಹುದ್ದೆಗೆ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಉದ್ದನೆಯ ಹೆಸರಿದೆ. ಓದಿದ್ದು ಬಿ.ಎಸ್ಸಿ. ನರ್ಸಿಂಗ್. ಊರವರಿಗೆ ಸಿಸ್ಟರ್, ಅಷ್ಟೇ. ಜೊತೆಗೆ ಪ್ರತಿ ಮನೆಯ ನಾಯಿಯ ಹೆಸರೂ ಗೊತ್ತಿರುವ ಆಶಾ ಕಾರ್ಯಕರ್ತೆ.

ಇಲ್ಲಿ ಊರೆಂದರೆ ಸಾಲುಮನೆಗಳಲ್ಲ. ಗದ್ದೆಯಂಚು, ತೋಟದ ಸಂಕ ದಾಟಿ ದರೆ ಹತ್ತಿದರೆ ಒಂದು ಮನೆ. ಮುಂದಿನದಕ್ಕೆ ಮತ್ತೊಂದು ದರೆ. ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ಬೇಯಿಸಿದ ಅಡಿಕೆ ಒಣಗುತ್ತಿತ್ತು, ಜಗುಲಿಯಲ್ಲಿ ಮೆಟ್ಟುಗತ್ತಿಯ ಸುಲಿತ ನಡೆದಿತ್ತು. 30 ವರ್ಷ ದಾಟಿದ ಎಲ್ಲರ ಬಿಪಿ, ಶುಗರ್ ನೋಡುವುದು ಸರ್ಕಾರದ ಕಾರ್ಯಕ್ರಮ. ಅದಕ್ಕೆಂದು ಹೋದಲ್ಲೆಲ್ಲ ಸಿಸ್ಟರ್ ಇನ್ನೊಂದು ಕೆಲಸವನ್ನೂ ಮಾಡುತ್ತಾರೆ. ಕೊಬ್ಬಿನ ಮಾತ್ರೆ, ಅಂದರೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್, ತೆಗೆದುಕೊಳ್ಳುವವರನ್ನು ಕೂರಿಸಿಕೊಂಡು ವಿಚಾರಿಸುತ್ತಾರೆ. ನಾನು ನೋಡಬೇಕೆಂದು ಬಂದದ್ದು ಅದನ್ನೇ.

ಮೊದಲ ಮನೆಯ ಯಜಮಾನರಿಗೆ ಮಣಿಪಾಲದಲ್ಲಿ ಸ್ಟೆಂಟ್ ಹಾಕಿದ್ದಾರೆ. ಸಿಸ್ಟರ್ "ಹುಷಾರಿದ್ದೀರಾ" ಎಂದು ಕೇಳಿ ಸುಮ್ಮನಾಗಲಿಲ್ಲ, "ಔಷಧಿ ಕವರ್ ತನ್ನಿ" ಎಂದರು. ಸ್ಟ್ರಿಪ್‌ಗಳನ್ನು ಮಡಿಲಲ್ಲಿ ಹರಡಿ ಎಣಿಸಿದರು. ರಕ್ತ ತೆಳುವಾಗಿಸುವ ಮಾತ್ರೆ ಲೆಕ್ಕಕ್ಕೆ ಸರಿಯಿತ್ತು. ರಾತ್ರಿ ನುಂಗಬೇಕಾದ ರೊಸುವಾಸ್ಟಾಟಿನ್ ಮಾತ್ರ ಉಳಿಯಬಾರದಷ್ಟು ಉಳಿದಿತ್ತು.

"ಎಂತಕ್ಕೆ ಬಿಟ್ರಿ?"

"ರಿಪೋರ್ಟ್ ನಾರ್ಮಲ್ ಬಂತಲ್ಲ ಸಿಸ್ಟರ್. ಮತ್ತೆ ಅದು ತಗಂಡ್ರೆ ತೊಡೆ ಎಲ್ಲ ನೋವು ಮಾರಾಯ್ರೆ."

ಈ ಎರಡೂ ಉತ್ತರ ಮಲೆನಾಡಿನ ಯಾವ ಜಗುಲಿಯಲ್ಲಿ ಕೂತರೂ ಕೇಳಿಬರುತ್ತವೆ. ಮೊದಲನೆಯದಕ್ಕೆ ಸಿಸ್ಟರ್ ರಿಪೋರ್ಟನ್ನೇ ತೆರೆದರು. ಲ್ಯಾಬಿನವರು ಪಕ್ಕದಲ್ಲಿ ಅಚ್ಚು ಹಾಕುವ ನಾರ್ಮಲ್ ಮಟ್ಟ ಎಲ್ಲರಿಗೂ ಒಂದೇ. ಹೃದಯದ ರಕ್ತನಾಳಕ್ಕೆ ಒಮ್ಮೆ ಪೆಟ್ಟು ಬಿದ್ದವರಿಗೆ ಆ ಗೆರೆ ಸಾಲದು. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಇಂಥವರ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಡೆಸಿಲೀಟರಿಗೆ 55 ಮಿಲಿಗ್ರಾಂಗಿಂತ ಕೆಳಗಿರಬೇಕು. ಕಾಗದದಲ್ಲಿ ಕಂಡ ಅಂಕಿ ಮಾತ್ರೆಯಿಂದ ಬಂದದ್ದು. ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಅದು ಮತ್ತೆ ಮೇಲೇರುತ್ತದೆ, ಏರಿದ್ದು ಮೈಗೆ ಗೊತ್ತೂ ಆಗುವುದಿಲ್ಲ.

"ನೀವು ಮಳೆಗಾಲಕ್ಕೆ ಮೊದಲೇ ಅಡಿಕೆ ಕೊನೆಗೆ ಬೋರ್ಡೋ ಹೊಡೀತೀರಲ್ಲ, ಆಗ ಕೊಳೆ ಇರ್ತದಾ?" ಎಂದು ಕೇಳಿದರು ಸಿಸ್ಟರ್. ಯಜಮಾನರು ಇಲ್ಲವೆಂದು ತಲೆಯಾಡಿಸಿದರು. "ಕೊಳೆ ಕಾಣದಿದ್ದದ್ದೇ ಔಷಧಿ ಹೊಡೆದದ್ದರಿಂದ. ಹಾಗಂತ ಮುಂದಿನ ವರ್ಷ ಬಿಡ್ತೀರಾ?" ಕೊಳೆರೋಗಕ್ಕೆ ಕಾಯಿ ಉದುರಿಸಿಕೊಂಡು ಅನುಭವವಿರುವ ಮನುಷ್ಯನಿಗೆ ಇದಕ್ಕಿಂತ ಚೆನ್ನಾಗಿ ಯಾವ ತಜ್ಞರೂ ವಿವರಿಸಲಾರರು.

ನೋವಿನ ವಿಚಾರ ಅಷ್ಟು ಸುಲಭವಲ್ಲ. ಸ್ಟಾಟಿನ್ ಗುಂಪಿನ ಮಾತ್ರೆಗಳಿಂದ ಸ್ನಾಯುನೋವು ಬರಬಹುದು, ನಿಜ. ಬಂದರೆ ಸಾಮಾನ್ಯವಾಗಿ ಎರಡೂ ಕಡೆ, ತೊಡೆ, ಮೀನಖಂಡ, ಭುಜದಂಥ ದೊಡ್ಡ ಸ್ನಾಯುಗಳಲ್ಲಿ ಬರುತ್ತದೆ. ಆದರೆ ದೊಡ್ಡ ಪ್ರಯೋಗಗಳ ಮಾಹಿತಿ ಒಟ್ಟುಗೂಡಿಸಿ 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆ ಹೇಳಿದ್ದು ಬೇರೆ: ಈ ಮಾತ್ರೆ ತೆಗೆದುಕೊಳ್ಳುವವರು ಹೇಳಿಕೊಂಡ ಸ್ನಾಯುನೋವಿನಲ್ಲಿ ಶೇ. 90ಕ್ಕೂ ಹೆಚ್ಚಿನದಕ್ಕೆ ಮಾತ್ರೆ ಕಾರಣವಲ್ಲ. ಅಡಿಕೆ ಮೂಟೆ ಹೊತ್ತ ಬೆನ್ನು, ದಿನವಿಡೀ ಮೆಟ್ಟುಗತ್ತಿಯ ಮುಂದೆ ಕೂತ ಸೊಂಟ ಮಾತ್ರೆಯಿಲ್ಲದೆಯೂ ನೋಯುತ್ತವೆ.

ಇಲ್ಲಿ ಮೂರನೆಯ ಸಾಧ್ಯತೆಯೂ ಇದೆ: ಮಂಗನ ಕಾಯಿಲೆ. 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡನ್ನು ನಡುಗಿಸಿದ ಜ್ವರ. ಉಣ್ಣೆಯಿಂದ ಹರಡುವ ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇವರೆಗೆ. ಜನ ದರಗು ತರಲು, ಸೊಪ್ಪು ಕಡಿಯಲು ಕಾಡಿಗೆ ಹೋಗುವ ಕಾಲವೂ ಅದೇ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಸಹಿಸಲಾಗದ ಮೈಕೈನೋವು. ಆದ್ದರಿಂದ ಸಿಸ್ಟರ್ ನೋವಿನ ಮಾತು ಬಂದ ಕೂಡಲೇ ಕೇಳಿದ್ದು, "ಜ್ವರ ಇದ್ಯಾ? ಬೆಟ್ಟಕ್ಕೆ ಹೋಗಿದ್ರಾ?" ಥರ್ಮಾಮೀಟರ್ ಇಟ್ಟು ನೋಡಿಯೂ ಬಿಟ್ಟರು. ಜ್ವರವಿರಲಿಲ್ಲ. ಮುಂದಿನ ಪ್ರಶ್ನೆಗಳು: ಎರಡೂ ಕಾಲಾ, ಒಂದೇ ಕಾಲಾ? ಜಗುಲಿ ಮೆಟ್ಟಿಲು ಹತ್ತಲು ಬಲ ಸಾಲದೆ ಹೋಗುತ್ತದಾ? ನೋವಿಗೆಂದು ಅಂಗಡಿಯಿಂದ ಏನಾದರೂ ತಂದು ನುಂಗಿದ್ದೀರಾ? ಮೂತ್ರದ ಬಣ್ಣ ಹೇಗಿದೆ?

ಕೊನೆಯ ಪ್ರಶ್ನೆಗೆ ಯಜಮಾನರು ಸಂಕೋಚಪಟ್ಟರು, ಸಿಸ್ಟರ್ ಪಡಲಿಲ್ಲ. ತೀರಾ ಅಪರೂಪವಾಗಿ ಈ ಮಾತ್ರೆಯಿಂದ ಸ್ನಾಯುವೇ ಒಡೆದು ರಕ್ತಕ್ಕೆ ಸೇರುತ್ತದೆ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಕಿಡ್ನಿ ಕೈಕೊಡಬಹುದು. ಹಾಗಾದಾಗ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಉಳಿದ ನೋವುಗಳಿಗೆ ದಾರಿಗಳಿವೆ. ವೈದ್ಯರು ಸಿಕೆ ಎಂಬ ರಕ್ತಪರೀಕ್ಷೆ, ಥೈರಾಯ್ಡ್ ಪರೀಕ್ಷೆ ಮಾಡಿಸುತ್ತಾರೆ, ಪ್ರಮಾಣ ಇಳಿಸುತ್ತಾರೆ, ಬೇರೆ ಸ್ಟಾಟಿನ್‌ಗೆ ಬದಲಿಸುತ್ತಾರೆ, ಇಲ್ಲವೇ ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಮನೆಯಲ್ಲೇ ಕೂತು ಬಿಟ್ಟುಬಿಡುವುದು ಆ ದಾರಿಗಳಲ್ಲಿ ಒಂದಲ್ಲ.

ಮುಂದಿನ ಮನೆಯಲ್ಲಿ ಮಧ್ಯವಯಸ್ಸಿನ ಅಕ್ಕ. ಶುಗರ್ ಇದೆ, ಜೊತೆಗೆ ಅಟೊರ್ವಾಸ್ಟಾಟಿನ್. ನುಂಗುವುದನ್ನು ಒಂದು ದಿನವೂ ತಪ್ಪಿಸಿಲ್ಲ. ಆದರೂ ಸಿಸ್ಟರ್ ಇಲ್ಲೇ ಹೆಚ್ಚು ಹೊತ್ತು ಕೂತರು. ಕಾರಣ ಕಾಲಿನ ಸಂದಿಯ ಹುಳುಕಡ್ಡಿ. ಮಳೆಗಾಲದ ಒದ್ದೆಯಲ್ಲಿ ಹತ್ತಿದ್ದು ಬಿಟ್ಟಿಲ್ಲ, ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತರುವ ಯೋಚನೆಯಲ್ಲಿದ್ದರು. ಅದಕ್ಕೆ ಕೊಡುವ ಇಟ್ರಕೊನಜೋಲ್ ಪಿತ್ತಜನಕಾಂಗದಲ್ಲಿ ಅಟೊರ್ವಾಸ್ಟಾಟಿನ್ ಕರಗುವ ದಾರಿಯನ್ನು ತಡೆಯುತ್ತದೆ. ಔಷಧಿ ರಕ್ತದಲ್ಲಿ ಜಮೆಯಾಗಿ ಸ್ನಾಯುವಿಗೆ ಅಪಾಯ ತರುತ್ತದೆ. ಸಿಮ್ವಾಸ್ಟಾಟಿನ್ ಜೊತೆಗಂತೂ ಅದು ಕೂಡದು. ಕ್ಲಾರಿಥ್ರೊಮೈಸಿನ್‌ನಂಥ ಕೆಲವು ಆ್ಯಂಟಿಬಯಾಟಿಕ್‌ಗಳೂ ಹೀಗೇ. "ಹಚ್ಚುವ ಮುಲಾಮು ಸಾಕಾಗ್ತದಾ ಅಂತ ಡಾಕ್ಟರಲ್ಲಿ ಕೇಳುವ, ನುಂಗುವುದು ಈಗ ಬೇಡ" ಎಂದರು. ಅಂಗಳದಾಚೆ ಚಕ್ಕೋತದ ಮರ ಕಾಯಿ ಬಿಟ್ಟಿತ್ತು. ವಿದೇಶಗಳಲ್ಲಿ ಈ ಮಾತ್ರೆಯವರಿಗೆ ಬೇಡವೆನ್ನುವ ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಹಾಗಾಗಿ ದಿನವೂ ಚಕ್ಕೋತ ತಿನ್ನುವವರು ವೈದ್ಯರಿಗೆ ಹೇಳುವುದು ಒಳ್ಳೆಯದು. ನಾಟಿ ಔಷಧಿಯೂ ಅಷ್ಟೇ: ಕುಡಿಯುತ್ತಿದ್ದರೆ ಮುಚ್ಚಿಡಬಾರದು.

ಹುಳುಕಡ್ಡಿ ತರುವ ಶಿಲೀಂಧ್ರದ ಮಾತು ಬಂದದ್ದರಿಂದ ಹೇಳಬೇಕು. ಸ್ಟಾಟಿನ್ ಮೊದಲು ಸಿಕ್ಕಿದ್ದೂ ಒಂದು ಬೂಷ್ಟಿನಲ್ಲೇ. ಜಪಾನಿನ ರೈತರ ಮನೆಯ ಮಗ ಅಕಿರಾ ಎಂಡೊ 1970ರ ದಶಕದಲ್ಲಿ ಸಾವಿರಾರು ಶಿಲೀಂಧ್ರಗಳನ್ನು ಸೋಸಿ ಪೆನಿಸಿಲಿಯಂ ಸಿಟ್ರಿನಂನಿಂದ ಅದನ್ನು ತೆಗೆದರು. 1987ರಲ್ಲಿ ಈ ಗುಂಪಿನ ಮೊದಲ ಔಷಧಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. 2024ರಲ್ಲಿ, 90ನೇ ವಯಸ್ಸಿನಲ್ಲಿ ಎಂಡೊ ತೀರಿಕೊಂಡರು. ಇಷ್ಟು ಜನರ ಆಯುಸ್ಸು ಹೆಚ್ಚಿಸಿದ ಅವರ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಇರಬೇಕಿತ್ತು.

ದಾರಿಯಲ್ಲಿ ಸಿಸ್ಟರ್ ಉಳಿದ ಎಚ್ಚರಿಕೆಗಳನ್ನು ಹೇಳಿದರು. ಮಾತ್ರೆ ಶುರುವಾದ 4ರಿಂದ 12 ವಾರದೊಳಗೆ ರಕ್ತ ನೋಡಬೇಕು, ಆಮೇಲೆ ವರ್ಷಕ್ಕೊಮ್ಮೆಯಾದರೂ. ಬಸಿರಾಗುವ ಯೋಚನೆಯಿದ್ದ ಹೆಣ್ಣುಮಕ್ಕಳು ಮೊದಲೇ ವೈದ್ಯರಿಗೆ ತಿಳಿಸಬೇಕು. ಕಣ್ಣು ಹಳದಿಯಾದರೆ ಕಾಯಬಾರದು. ಶುಗರ್ ಇರುವ ಅಜ್ಜಂದಿರು ಕೊಲೆಸ್ಟ್ರಾಲ್ ಪರೀಕ್ಷೆಗೆಂದು ಹಸಿದ ಹೊಟ್ಟೆಯಲ್ಲಿ ತೀರ್ಥಹಳ್ಳಿ ಬಸ್ಸಿಗೆ ಕಾಯುವುದು ದೊಡ್ಡ ಸಂಕಟ. ಮಾಮೂಲಿ ತಪಾಸಣೆಗೆ ಬಹಳ ಸಲ ಉಪವಾಸ ಬೇಕಿಲ್ಲ, ಟ್ರೈಗ್ಲಿಸರೈಡ್ ಹೆಚ್ಚಿದ್ದವರಿಗೆ ಮಾತ್ರ ಬೇಕಾಗಬಹುದು. ಮೊದಲೇ ಕೇಳಿಕೊಂಡರೆ ಆ ಸುಸ್ತು ತಪ್ಪುತ್ತದೆ.

ಊಟದ ವಿಷಯದಲ್ಲಿ ಅವರು ಯಾರನ್ನೂ ಹೆದರಿಸಲಿಲ್ಲ. ಒಂದೆಲಗದ ತಂಬುಳಿ, ಹುರುಳಿ ಸಾರು, ತರಕಾರಿ ಇರಲಿ. ಕಡುಬಿನ ಜೊತೆಯ ಹಂದಿ ಸಾರು ಹಬ್ಬಕ್ಕಿರಲಿ, ವಾರವಾರವೂ ಬೇಡ. ಕರಿದ ಎಣ್ಣೆಯನ್ನೇ ಮತ್ತೆ ಕಾಯಿಸಬೇಡಿ. ಅವರ ದನಿ ಗಡುಸಾದದ್ದು ಎಲೆಅಡಿಕೆಯ ಹೊಗೆಸೊಪ್ಪಿನ ಬಗ್ಗೆ ಮಾತ್ರ. ಅದನ್ನು ಬಿಡದೆ ಮಾತ್ರೆಯೊಂದನ್ನೇ ನಂಬಿ ಕೂರಬೇಡಿ ಎಂದು ಕಡ್ಡಿ ಮುರಿದಂತೆ ಹೇಳಿದರು.

ವೈದ್ಯರು ಚೀಟಿಯಲ್ಲಿ ಬರೆಯುವುದು ಒಂದು ಸಾಲು. ಆ ಸಾಲು ವರ್ಷಗಟ್ಟಲೆ ಮನುಷ್ಯನ ಮೈಯಲ್ಲಿ ಕೆಲಸ ಮಾಡುವುದೋ ಇಲ್ಲವೋ ನಿರ್ಧಾರವಾಗುವುದು ಸಿಸ್ಟರ್ ಸ್ಟ್ರಿಪ್ ಎಣಿಸುವ ಜಗುಲಿಯಲ್ಲಿ. ಹೃದಯಾಘಾತವಾದ ಮೇಲೆ ಇಲ್ಲಿಂದ ತೀರ್ಥಹಳ್ಳಿ, ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ಓಡುವ ಹೊತ್ತಿನಲ್ಲಿ ಕಳೆದುಹೋಗುವ ಹೃದಯಸ್ನಾಯು ಮತ್ತೆ ಬೆಳೆಯುವುದಿಲ್ಲ.

ಈ ಮನೆಗಳಲ್ಲಿ ಉಳಿದಿರುವವರು ಹೆಚ್ಚಾಗಿ ವಯಸ್ಸಾದವರು, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಆ ಮಕ್ಕಳಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಅಮ್ಮನ ಔಷಧಿ ಕವರ್ ಬಿಚ್ಚಿ ಮಾತ್ರೆ ಎಣಿಸಿ. ಲೆಕ್ಕ ತಪ್ಪಿದ್ದರೆ ಬೈಯಬೇಡಿ, ಯಾಕೆ ಬಿಟ್ಟರೆಂದು ಕೇಳಿ, ಅವರು ಕೊಟ್ಟ ಕಾರಣವನ್ನು ಆ ಊರಿನ ಸಿಸ್ಟರ್‌ಗೆ ಫೋನ್ ಮಾಡಿ ತಿಳಿಸಿ.