ನಲ್ಲಿಯ ನೀರೂ ಕಾಣದ ಕಳ್ಳನೂ

ಬೆಟಗೇರಿಯ ಮನೆಯೊಂದರಲ್ಲಿ ನಲ್ಲಿಗೆ ನೀರು ಬಂದಿತೆಂದರೆ ಅದು ಸಣ್ಣ ಸಂಗತಿಯಲ್ಲ. ಮುಂಡರಗಿ ತಾಲೂಕಿನ ಹಮ್ಮಿಗಿಯ ಬಳಿ ತುಂಗಭದ್ರೆಗೆ ಕಟ್ಟಿದ ಒಡ್ಡಿನಿಂದ ನೀರನ್ನೆತ್ತಿ, ಶುದ್ಧಗೊಳಿಸಿ, ಕೊಳವೆಗಳಲ್ಲಿ ಗದಗಿನವರೆಗೆ ತರಬೇಕಾಗುವದು. ಲಕ್ಷ್ಮೇಶ್ವರ, ಶಿರಹಟ್ಟಿಗಳ ಗೃಹಸ್ಥರೂ ನೀರಿನ ಬೆಲೆಯನ್ನು ಬಲ್ಲವರೇ. ಆದುದರಿಂದ ಪಂಪನ್ನು ನಡೆಯಿಸುವ ಕೈ ಯಾರದೆಂಬ ಪ್ರಶ್ನೆಯು ನಮ್ಮೆಲ್ಲರ ಅಡಿಗೆಮನೆಗೂ ಸಂಬಂಧಪಟ್ಟುದು.

ಹಿಂದೆ ಆ ಕೈ ಮನುಷ್ಯನದಾಗಿತ್ತು. ಇಂದು ಲೋಕದ ಅನೇಕ ನೀರಿನ ಸ್ಥಾವರಗಳಲ್ಲಿಯೂ ವಿದ್ಯುತ್ ಕೇಂದ್ರಗಳಲ್ಲಿಯೂ, ನಮ್ಮ ಗುಡ್ಡಗಳ ಮೇಲೆ ತಿರುಗುವಂಥ ಗಾಳಿಯಂತ್ರಗಳಲ್ಲಿಯೂ ಪುಟ್ಟ ಗಣಕಗಳು ಆ ಕೆಲಸವನ್ನು ಮಾಡುತ್ತವೆ. ಅವು ತೊಟ್ಟಿಯ ಮಟ್ಟವನ್ನು ತಿಳಿದು ಪಂಪಿಗೆ ಆಜ್ಞೆಯೀಯುವವು. ದೂರದ ಕೋಣೆಯಲ್ಲಿ ಕುಳಿತ ನೌಕರನು ಎಲ್ಲವನ್ನೂ ಪರದೆಯ ಮೇಲೆ ನೋಡುವನು. ಈ ಮಾತುಕತೆಯ ಜಾಲದಲ್ಲಿ ಪರರು ಹೊಕ್ಕರೆ ಅನರ್ಥವು ತಪ್ಪದು.

ಇದು ಬರಿಯ ಊಹೆಯಲ್ಲ. 2000ರಲ್ಲಿ ಆಸ್ಟ್ರೇಲಿಯದ ಮರೂಚಿಯಲ್ಲಿ, ಅಲ್ಲಿಯ ಯಂತ್ರಗಳನ್ನು ಕೂಡಿಸಿದ ಕಂಪನಿಯಲ್ಲಿ ಹಿಂದೆ ದುಡಿದವನೊಬ್ಬನು ರೇಡಿಯೋದ ಮೂಲಕ ಸುಳ್ಳು ಆಜ್ಞೆಗಳನ್ನು ಕಳುಹಿಸಿ, ಲಕ್ಷಗಟ್ಟಲೆ ಲೀಟರು ಹೊಲಸು ನೀರನ್ನು ಉದ್ಯಾನಗಳಿಗೂ ಹಳ್ಳಗಳಿಗೂ ಹರಿಯಿಸಿದನು. ಮೊದಮೊದಲು ಅದನ್ನು ಯಂತ್ರದ ದೋಷವೆಂದೇ ಭಾವಿಸಿದ್ದರು. 2010ರಲ್ಲಿ ಬೆಳಕಿಗೆ ಬಂದ ‘ಸ್ಟಕ್ಸ್‌ನೆಟ್’ ಎಂಬ ಗಣಕಕೀಟವು ಇನ್ನೂ ಜಾಣತನದ್ದು. ಅದು ಇರಾನದ ನತಾಂಜಿನಲ್ಲಿ ಯಂತ್ರಗಳನ್ನು ಕೆಡಿಸುತ್ತಲೇ, ಎಲ್ಲವೂ ಕ್ಷೇಮವೆಂದು ನೌಕರರನ್ನು ನಂಬಿಸಿತು.

ಹಾಗಾದರೆ ಕಳ್ಳನನ್ನು ಗುರುತಿಸುವ ಬಗೆ ಯಾವದು? ಒಂದನೆಯದು, ಹಿಂದೆ ಸಿಕ್ಕ ಕಳ್ಳರ ಚಹರೆಯೊಡನೆ ಹೋಲಿಸಿ ನೋಡುವದು. ಹೊಸ ಕಳ್ಳನು ಇದಕ್ಕೆ ಸಿಕ್ಕನು. ಎರಡನೆಯದು, ನಿತ್ಯದ ರೂಢಿಯನ್ನರಿತು ಅದಕ್ಕೆ ಹೊರತಾದುದನ್ನು ಹಿಡಿಯುವದು. ಕಾರಖಾನೆಯ ಯಂತ್ರಗಳು ದಿನವೂ ಅದೇ ಯಂತ್ರದೊಡನೆ, ಅದೇ ಅಂತರದಲ್ಲಿ, ಅದೇ ಮಾತನ್ನಾಡುತ್ತವೆ. ದಿನವೂ ಬಾವಿಗೆ ಬರುವವರನ್ನು ಬಲ್ಲ ಓಣಿಯ ಅಜ್ಜಿಯು ನಡುರಾತ್ರಿ ಹಗ್ಗ ಹಿಡಿದು ಬಂದ ಅಪರಿಚಿತನನ್ನು ಒಡನೆ ಗುರುತಿಸುವಂತೆ, ಕಾವಲಿನ ಗಣಕವೂ ಹೊಸ ಮಾತನ್ನು ಗುರುತಿಸಬಲ್ಲದು. ಅದು ಮಾತುಕತೆಯ ಪ್ರತಿಯನ್ನು ಮಾತ್ರ ಕೇಳುವದು. ನಡುವೆ ಬಾಯಿ ಹಾಕಿದರೆ ಹಳೆಯ ಯಂತ್ರಗಳು ನಿಂತುಹೋದಾವು.

ಮೂರನೆಯ ಸಾಕ್ಷಿಯು ಸೃಷ್ಟಿನಿಯಮದ್ದು. ಪಂಪು ನಡೆದಿದೆಯೆಂದು ಪರದೆಯು ಹೇಳುತ್ತಿರಲು ತೊಟ್ಟಿಯ ನೀರು ಏರದಿದ್ದರೆ, ಎಲ್ಲಿಯೋ ಸೋರಿಕೆಯಿರಬೇಕು, ಇಲ್ಲವೆ ಯಾವದೋ ಒಂದು ಸುಳ್ಳಾಡುತ್ತಿರಬೇಕು. ಆದರೆ ಎಲೆ ಅಲುಗಿದರೂ ಬೊಗಳುವ ನಾಯಿಯನ್ನು ಮನೆಯವರು ನಂಬರು. ಹುಸಿ ಎಚ್ಚರಿಕೆಗಳನ್ನು ತಗ್ಗಿಸುವದೇ ಈ ವಿದ್ಯೆಯ ಕಠಿಣ ಭಾಗವು.

ನಮ್ಮ ದೇಶದಲ್ಲಿ ಇಂಥ ಆಕ್ರಮಣವು ತಿಳಿದುಬಂದ 6 ತಾಸುಗಳೊಳಗೆ ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಗೆ ವರದಿ ಕೊಡಬೇಕೆಂದು 2022ರಲ್ಲಿ ಆಜ್ಞೆಯಾಯಿತು. ಆದರೂ ಮನುಷ್ಯನ ಕೈಗೆ ಬೆಲೆಯಿದ್ದೇ ಇದೆ. 2015ರ ಡಿಸೆಂಬರದಲ್ಲಿ ಯುಕ್ರೇನಿನ ಸುಮಾರು 2,25,000 ಗ್ರಾಹಕರ ವಿದ್ಯುತ್ತನ್ನು ಆಕ್ರಮಣಕಾರರು ನಿಲ್ಲಿಸಿದಾಗ, ನೌಕರರು ಕೇಂದ್ರಗಳಿಗೆ ಹೋಗಿ ಕೈಯಿಂದಲೇ ಯಂತ್ರಗಳನ್ನು ನಡೆಯಿಸಿ ಕೆಲವೇ ತಾಸುಗಳಲ್ಲಿ ದೀಪ ಹಚ್ಚಿದರು.

ಕೆಲಸ ಬಿಟ್ಟವನಿಂದ ಕೀಲಿಕೈಯನ್ನು ಮರಳಿ ಪಡೆಯುವದು, ರಾತ್ರಿ ಚಿಲಕವನ್ನು ನೋಡಿ ಮಲಗುವದು ನಮ್ಮ ಹಿರಿಯರ ರೂಢಿಯು. ಊರಿನ ನೀರಿಗೂ ಅದೇ ಎಚ್ಚರವು ಬೇಕು. ಪರದೆಯನ್ನು ನಂಬುವದರ ಜೊತೆಗೆ ತೊಟ್ಟಿಯಲ್ಲಿಯೂ ಒಮ್ಮೆ ಇಣಿಕಿ ನೋಡುವವನೇ ಜಾಣ ಕಾವಲುಗಾರನು.