ಹಳೆಯ ಕಡತ ಕಾಯುವುದೂ ಒಂದು ವೃತ್ತಿಯೇ?

ಪ್ರಶ್ನೆ: ಪತ್ರಾಗಾರದ ಕೆಲಸವನ್ನು ವೈದ್ಯರ, ವಕೀಲರ ವೃತ್ತಿಯ ಸಾಲಿಗೆ ಸೇರಿಸಬಹುದೇ?

ಖಂಡಿತ ಸೇರಿಸಬೇಕು. ಆದರೆ ನಮ್ಮಲ್ಲಿ ಆ ಮನ್ನಣೆ ಅರ್ಧಕ್ಕೇ ನಿಂತಿದೆ. ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯ ಈ ವಿಷಯದಲ್ಲಿ ಡಿಪ್ಲೊಮಾ ಕಲಿಸುತ್ತದೆ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಕೇಂದ್ರದ ಕಚೇರಿಗಳಲ್ಲಿ ದಾಖಲೆ ಅಧಿಕಾರಿಯನ್ನು ಕಡ್ಡಾಯ ಮಾಡಿದೆ. ಆದರೂ ವಕೀಲರಿಗೆ ಬಾರ್ ಕೌನ್ಸಿಲ್ ಇರುವಂತೆ ಇವರಿಗೊಂದು ಶಾಸನಬದ್ಧ ಮಂಡಳಿಯಿಲ್ಲ.

ಮಂಡಳಿ ಇಲ್ಲದ್ದು ವೃತ್ತಿಯೇ ಅಲ್ಲ ಎನ್ನುವವರು ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಾಗದಪತ್ರಗಳ ದಾರಿಯನ್ನು ಗಮನಿಸಬೇಕು. ಈ ನೆಲ 1799ರಿಂದ ಬ್ರಿಟಿಷರ ಕೆನರಾದಲ್ಲಿತ್ತು. ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡವಾಗಿ ಉಳಿದು, 1956ರಲ್ಲಿ ಮೈಸೂರು ರಾಜ್ಯಕ್ಕೂ 1997ರಲ್ಲಿ ಉಡುಪಿ ಜಿಲ್ಲೆಗೂ ಬಂತು. ಹಾಗಾಗಿ ಒಂದೇ ಗದ್ದೆಯ ಚರಿತ್ರೆ ಚೆನ್ನೈ, ಮಂಗಳೂರು, ಮಣಿಪಾಲಗಳಲ್ಲಿ ಹಂಚಿಹೋಗಿರಬಹುದು. ಯಾವ ಕಚೇರಿ ಯಾವ ಕಾಲಕ್ಕೆ ಯಾವ ಕಾಗದ ಹುಟ್ಟಿಸಿತು ಎಂದು ತಿಳಿದವರಷ್ಟೇ ಅದನ್ನು ಜೋಡಿಸಬಲ್ಲರು.

ಶಾನುಭೋಗರು ಪದವಿ ಇಲ್ಲದೆಯೇ ಲೆಕ್ಕ ಇಟ್ಟರಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅವರ ಜ್ಞಾನ ತಮ್ಮ ಗ್ರಾಮದ ಮಟ್ಟಿಗೆ ಆಳವಾಗಿತ್ತು. ಇಂದು ಬೇಕಿರುವುದು ಅದೇ ಜ್ಞಾನದ ಶಿಸ್ತುಬದ್ಧ ರೂಪ. ಎಲ್ಲ ಸ್ಕ್ಯಾನ್ ಮಾಡಿದರಾಯಿತು ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರು ಸಲ್ಲಿಸಿದ ಡಿಕ್ಲರೇಶನ್‌ಗೆ ಬೆಲೆ ಬರುವುದು ನಕ್ಷೆ, ಹೇಳಿಕೆ, ಟ್ರಿಬ್ಯೂನಲ್ ಆದೇಶಗಳು ಒಂದೇ ಕಡತದಲ್ಲಿ ಮೂಲಕ್ರಮದಲ್ಲಿದ್ದಾಗ. ಯಾವುದನ್ನು ಶಾಶ್ವತವಾಗಿ ಉಳಿಸಬೇಕು, ಯಾವುದನ್ನು ಅವಧಿ ಮುಗಿದ ಮೇಲೆ ನಾಶಮಾಡಬಹುದು ಎಂಬ ತೀರ್ಮಾನ ಯಂತ್ರದ್ದಲ್ಲ. ತಪ್ಪಿದರೆ ಒಕ್ಕಲಿನ ಮೊಮ್ಮಗ ಹಕ್ಕಿನ ಆಧಾರವನ್ನೇ ಕಳೆದುಕೊಳ್ಳುತ್ತಾನೆ. ಇಷ್ಟು ಹೊಣೆಯ ಕೆಲಸಕ್ಕೆ ಪ್ರತಿ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲೂ ತರಬೇತಿ ಪಡೆದ ಒಬ್ಬರಾದರೂ ಇರಬೇಕು.