ಲಾರಿಗೆ ಇನ್ನೊಂದು ಡೀಸೆಲ್ ಫಿಲ್ಟರ್: ಇಂಜಿನ್ನಿಗೂ ಹಿತ, ಮೈಗೂ ಹಿತ



ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ನಮ್ಮ ಮನೆಗಳಲ್ಲಿ ಎತ್ತಿನ ಬಂಡಿಯ ಜಾಗಕ್ಕೆ ಈಗ ಟ್ರ್ಯಾಕ್ಟರ್, ಲಾರಿಗಳು ಬಂದಿವೆ. 1956ರವರೆಗೆ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲೇ ಇದ್ದವು. ಗಡಿ ಬದಲಾದರೂ ಭಾಲ್ಕಿ, ಬಸವಕಲ್ಯಾಣದ ಕಡೆಗಿನ ಬೀಗತನವಾಗಲಿ, ಸರಕಿನ ಓಡಾಟವಾಗಲಿ ನಿಂತಿಲ್ಲ. ತೊಗರಿ, ಸೋಯಾ ಪೇಟೆಗೆ ಹೋಗಬೇಕು. ಕಬ್ಬು ಕಾರ್ಖಾನೆಗೆ ಮುಟ್ಟಬೇಕು. ಸುಗ್ಗಿಯಲ್ಲಿ ಲಾರಿ ಒಂದು ದಿನ ನಿಂತರೆ ಮನೆಯ ಲೆಕ್ಕವೇ ತಪ್ಪುತ್ತದೆ.

ಕಳೆದ ಸುಗ್ಗಿಯಲ್ಲಿ ನಮ್ಮ ಪರಿಚಯದ ಮನೆಯೊಂದರ ಹಳೆಯ ಲಾರಿ ತೊಗರಿ ಹೇರಿಕೊಂಡು ಉದಗೀರಕ್ಕೆ ಹೊರಟು ಏರಿನಲ್ಲಿ ನಿಂತುಬಿಟ್ಟಿತು. ಮಿಸ್ತ್ರಿ ಬಂದು ಫಿಲ್ಟರಿನ ಕೆಳಗಿನ ಬೋಲ್ಟು ಸಡಿಲಿಸಿ, ಬಂದದ್ದನ್ನು ಗಾಜಿನ ಲೋಟದಲ್ಲಿ ಹಿಡಿದು ತೋರಿಸಿದ. “ಅಣ್ಣಾ, ಇಂಜಿನ್ ಛಲೋ ಅದ. ಡೀಸೆಲ್‌ದಾಗ ನೀರು ಅದ, ನೋಡ್ರಿ” ಅಂದ. ಲೋಟದ ತಳದಲ್ಲಿ ಎರಡು ಬೆರಳು ನೀರು, ಅದರ ಮೇಲೆ ಕಂದು ಗಸಿ. ಪಂಪು, ನೋಜಲ್ ಬಿಚ್ಚಿಸಿ ಸರಿಪಡಿಸುವಷ್ಟರಲ್ಲಿ ಆ ತಿಂಗಳ ಸಾಲದ ಕಂತಿನ ಹಣ ಹೋಯಿತು. ಅದಕ್ಕಾಗಿಯೇ ಈ ಸಲ ಈ ವಿಷಯವನ್ನು ತಮ್ಮ ಮುಂದಿಡುತ್ತಿದ್ದೇವೆ.

ಕೊಳೆ ಎಲ್ಲಿಂದ ಬರುತ್ತದೆ?

ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಹಿಟ್ಟಿನಂಥ ಧೂಳು, ಮಳೆಗಾಲದಲ್ಲಿ ಕೆಸರು. ಹೊಲದಲ್ಲೇ ಡ್ರಮ್ಮಿನಿಂದ ಡೀಸೆಲ್ ಹಾಕುವಾಗ ಧೂಳು, ತುಕ್ಕು, ಅರಿವೆಯ ಎಳೆ ಎಲ್ಲವೂ ಟ್ಯಾಂಕಿಗೆ ಇಳಿಯುತ್ತವೆ. ಅರ್ಧ ಖಾಲಿ ಇರುವ ಟ್ಯಾಂಕಿನೊಳಗಿನ ಗಾಳಿ ರಾತ್ರಿ ತಂಪಿಗೆ ಬೆವರಿ ನೀರಾಗುತ್ತದೆ. ನೀರು ಡೀಸೆಲ್‌ಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ನೀರು ಮತ್ತು ಡೀಸೆಲ್ ಕೂಡುವಲ್ಲಿ ಸೂಕ್ಷ್ಮ ಜೀವಿಗಳು ಬೆಳೆದು ಲೋಳೆ ಕಟ್ಟುವುದೂ ಉಂಟು.

ಪಂಪು ಮತ್ತು ನೋಜಲ್‌ಗಳ ಒಳಗಿನ ಸಂದು ಕೆಲವೇ ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಆದ್ದರಿಂದ ಕಣ್ಣಿಗೆ ಕಾಣದ ಧೂಳು ಕೂಡ ಅಲ್ಲಿ ಅರದಂತೆ ಉಜ್ಜುತ್ತದೆ. ನೀರು ತುಕ್ಕು ಹಿಡಿಸುತ್ತದೆ. ಹಳೆಯ ಡ್ರೈವರುಗಳು ‘ಮೈಕೋ ಪಂಪು’ ಎಂದೇ ಕರೆಯುತ್ತಿದ್ದ ಪಂಪುಗಳನ್ನು ತಯಾರಿಸಿದ್ದು 1951ರಲ್ಲಿ ಹುಟ್ಟಿದ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಬೆಂಗಳೂರಿನ ಕಂಪನಿ. ಆ ಪಂಪುಗಳ ಒತ್ತಡ ನೂರಾರು ಬಾರ್ ಮಾತ್ರ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ನಿಯಮದ ಲಾರಿಗಳಲ್ಲಿ ಕಾಮನ್ ರೈಲ್ ಒತ್ತಡ 1600 ಬಾರ್ ಮೀರುವುದು ಸಾಮಾನ್ಯ. ಅವು ಕೊಳೆಯನ್ನು ಇನ್ನೂ ಕಡಿಮೆ ತಾಳುತ್ತವೆ.

ಹೆಚ್ಚಿನ ಫಿಲ್ಟರ್ ಎಲ್ಲಿ, ಹೇಗೆ?

ಹಳೆಯ ಲಾರಿಯಾದರೆ ಟ್ಯಾಂಕು ಮತ್ತು ಫೀಡ್ ಪಂಪಿನ ನಡುವೆ, ನೀರು ಬೇರ್ಪಡಿಸುವ ಬಟ್ಟಲಿರುವ ಫಿಲ್ಟರ್ ಒಂದನ್ನು ಕೂಡಿಸಬಹುದು. ಕಂಪನಿಯಿಂದ ಬಂದ ಫಿಲ್ಟರನ್ನು ತೆಗೆಯಬಾರದು. ಇದು ಅದಕ್ಕೆ ಬದಲಿಯಲ್ಲ, ಮುಂಚಿನ ಕಾವಲುಗಾರ. ಈ ಮಾತುಗಳನ್ನು ಗಮನಿಸಿರಿ:

1. ಪಂಪು ಎಳೆದುಕೊಳ್ಳುವ ಕಡೆಗೆ ಸುಮಾರು 30 ಮೈಕ್ರಾನಿನ ದಪ್ಪ ಸೋಸುವಿಕೆಯೇ ಸಾಕು. ಅಲ್ಲಿ ತೀರ ನಯವಾದದ್ದನ್ನು ಹಾಕಿದರೆ ಪಂಪಿಗೆ ಡೀಸೆಲ್ ಸಾಲದೆ ಏರಿನಲ್ಲಿ ಎಳೆತ ಕುಗ್ಗುತ್ತದೆ. ನಯವಾದ ಸೋಸುವಿಕೆ ಪಂಪು ದಾಟಿದ ಮೇಲಿನ ಕಂಪನಿ ಫಿಲ್ಟರಿನ ಕೆಲಸ.

2. ಇಂಜಿನ್ನಿನ ಸಾಮರ್ಥ್ಯಕ್ಕೆ ತಕ್ಕ ಅಳತೆಯದನ್ನೇ ಕೊಳ್ಳಿರಿ. ಮೋಟರ್ ಸೈಕಲ್ಲಿನ ಸಣ್ಣ ಪ್ಲಾಸ್ಟಿಕ್ ಫಿಲ್ಟರ್ ಲಾರಿಗೆ ಸಲ್ಲದು.

3. ಚಾಸಿಗೆ ಬಿಗಿಯಾಗಿ, ಸೈಲೆನ್ಸರಿನ ಬಿಸಿಯಿಂದ ಮತ್ತು ಚಕ್ರ ಎರಚುವ ಕಲ್ಲಿನಿಂದ ದೂರ ಕೂಡಿಸಿರಿ. ಬಟ್ಟಲಿನ ಕೆಳಗೆ ಕೈ ಹೋಗುವಷ್ಟು ಜಾಗವಿರಲಿ. ಬಾಣದ ಗುರುತು ಡೀಸೆಲ್ ಹರಿಯುವ ದಿಕ್ಕಿಗೇ ಇರಬೇಕು.

4. ಡೀಸೆಲ್ ತಾಳುವ ಪೈಪು, ಒಳ್ಳೆಯ ಕ್ಲಿಪ್ಪುಗಳನ್ನೇ ಬಳಸಿರಿ. ಈ ಕಡೆಯ ಜೋಡಣೆ ಸಡಿಲವಾದರೆ ಡೀಸೆಲ್ ಹೊರಗೆ ಸೋರುವುದಕ್ಕಿಂತ ಮೊದಲು ಗಾಳಿ ಒಳಗೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಕೈಪಂಪಿನಿಂದ ಏರ್ ತೆಗೆದು ನಂತರ ಸ್ಟಾರ್ಟ್ ಮಾಡಿರಿ.

5. ದಿನಾಲೂ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬಟ್ಟಲಿನ ನೀರು ಬಿಡಿರಿ. ಸಂಜೆ ಟ್ಯಾಂಕು ತುಂಬಿಸಿಟ್ಟರೆ ಒಳಗೆ ಬೆವರುವುದು ಕಡಿಮೆ.

ಬಿ.ಎಸ್.-6 ಲಾರಿಗಳಿಗೆ ಮಾತ್ರ ಮನೆಯಲ್ಲಿ ಕೈ ಹಾಕಬೇಡಿರಿ. ಅವುಗಳಲ್ಲಿ ನೀರು ಬೇರ್ಪಡಿಸುವ ಫಿಲ್ಟರ್ ಸಾಮಾನ್ಯವಾಗಿ ಮೊದಲೇ ಇರುತ್ತದೆ. ವಾರಂಟಿಯ ಪ್ರಶ್ನೆಯೂ ಇದೆ. ಕಂಪನಿಯ ಒಪ್ಪಿಗೆ ಕೇಳಿಯೇ ಮುಂದುವರಿಯಿರಿ.

ಇನ್ನೊಂದು ಮಾತು. ಫಿಲ್ಟರ್ ಧೂಳು ತಡೆಯುತ್ತದೆ, ನೀರು ಬೇರ್ಪಡಿಸುತ್ತದೆ. ಆದರೆ ಡೀಸೆಲ್‌ನಲ್ಲಿ ಬೆರೆಸಿದ ಸೀಮೆಎಣ್ಣೆಯನ್ನು ಯಾವ ಫಿಲ್ಟರೂ ಬೇರ್ಪಡಿಸಲಾರದು. ಅಗ್ಗದ ಡೀಸೆಲ್‌ನ ಆಸೆಗೆ ಬಿದ್ದವರಿಗೆ ಇನ್ನೊಂದು ಫಿಲ್ಟರಿನಿಂದ ರಕ್ಷಣೆ ಸಿಗದು.

ಮೈಯ ಜೋಪಾನ

ಪೈಪು ಬಾಯಲ್ಲಿಟ್ಟು ಡೀಸೆಲ್ ಎಳೆಯುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಸಾಕು, ನ್ಯುಮೋನಿಯಾದಂಥ ಉರಿಯೂತವಾಗಿ ಪ್ರಾಣಕ್ಕೆ ಸಂಚಕಾರ ಬರಬಹುದು. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬೇಡಿರಿ. ವಾಂತಿಯಾಗುವಾಗಲೇ ಅದು ಶ್ವಾಸನಾಳಕ್ಕೆ ಇಳಿಯುವ ಭಯ ಹೆಚ್ಚು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನೂರು, ಇನ್ನೂರು ರೂಪಾಯಿಯ ಕೈಪಂಪು ಒಂದನ್ನು ತಂದಿಟ್ಟುಕೊಂಡರೆ ಈ ಕಷ್ಟವೇ ಇಲ್ಲ. ತಂಪು ಪಾನೀಯದ ಬಾಟಲಿಗಳಲ್ಲಿ ಡೀಸೆಲ್ ಇಡಬೇಡಿರಿ. ಮಕ್ಕಳು ನೀರೆಂದು ಕುಡಿದಾರು.

ಇಂಜಿನ್ ಓಡುತ್ತಿರುವಾಗ ನೋಜಲ್ ಪೈಪಿನ ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡಬಾರದು. ಆ ಒತ್ತಡದ ಸಣ್ಣ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಕಾಣುವುದು ಮುಳ್ಳು ಚುಚ್ಚಿದಷ್ಟೇ ಗಾಯ. ತಡಮಾಡಿದರೆ ಬೆರಳೇ ಹೋಗಬಹುದು. ನೋವಿಲ್ಲವೆಂದು ಸುಮ್ಮನಿರದೆ ಆ ಕ್ಷಣವೇ ವೈದ್ಯರ ಬಳಿ ಹೋಗಿ, ಡೀಸೆಲ್ ಒಳಗೆ ಹೋಗಿದೆ ಎಂದು ಬಿಡಿಸಿ ಹೇಳಿರಿ.

ಕೆಟ್ಟ ನೋಜಲ್ ಉಗುಳುವ ಕಪ್ಪು ಹೊಗೆಯೂ ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಮನೆಯಂಗಳದಲ್ಲಿ ಲಾರಿಯನ್ನು ಸುಮ್ಮನೆ ಚಾಲೂ ಬಿಡಬೇಡಿರಿ. ಕೊಟ್ಟಿಗೆಯ ದನಗಳಿಗೂ ಆ ಹೊಗೆ ಬೇಡ. ಬಟ್ಟಲಿನಿಂದ ಬಿಟ್ಟ ನೀರು, ಹಳೆಯ ಫಿಲ್ಟರುಗಳನ್ನು ಬಾವಿಯ ಹತ್ತಿರ ಚೆಲ್ಲದೆ ಡಬ್ಬಿಯಲ್ಲಿ ಕೂಡಿಟ್ಟು ಗ್ಯಾರೇಜಿಗೆ ಕೊಡಿರಿ.

ನಾವು ಮೇಲೆ ಹೇಳಿದ ಮನೆಯವರು ಈಗ ಡ್ರಮ್ಮನ್ನು ನೆರಳಿಗೆ ತಂದಿದ್ದಾರೆ, ಬಟ್ಟಲಿನ ಫಿಲ್ಟರ್ ಕೂಡಿಸಿದ್ದಾರೆ. ಬೆಳಿಗ್ಗೆ ಎಮ್ಮೆ ಹಿಂಡಿದ ಮೇಲೆ ಲಾರಿಯ ನೀರು ಬಿಡುವುದು ಮನೆಯ ಹಿರಿಯ ಮಗನ ಕೆಲಸ. ಐದು ನಿಮಿಷವೂ ಹಿಡಿಯುವುದಿಲ್ಲ. ಕುಡಿಯುವ ನೀರನ್ನು ಸೋಸಿ ಕುಡಿಯುವ ನಾವು, ಮನೆಗೆ ಅನ್ನ ತರುವ ಲಾರಿಗೂ ಅಷ್ಟು ಮಾಡೋಣ.